ಟವಲಿನ ಕೆಳಗಿನ ಕೈ

ಶಿಡ್ಲಘಟ್ಟ
12–12–1965

ಕೇಶವನಿಗೆ ನಿನ್ನ ದೊಡ್ಡಪ್ಪ ಕೋನಪ್ಪ ಬರೆಯುವುದು.

ನನ್ನ ಕೈಲಿ ಕಾಗದ ಬರೆಸಬೇಕು ಅಂತ ನಿನಗೆ ಯಾರು ಹೇಳಿಕೊಟ್ಟರೋ? ನಾಲ್ಕನೇ ಕ್ಲಾಸು ಮುಗಿಸದೆ ಚರಕದ ಮುಂದೆ ಕೂತವನು ನಾನು. ಈ ಒಂದು ಹಾಳೆ ತುಂಬಿಸುವಷ್ಟರಲ್ಲಿ ಒಂದು ಬುಟ್ಟಿ ರೇಷ್ಮೆ ಗೂಡು ಬಿಚ್ಚಿ ನೂಲು ಮಾಡಿ ಎಸೀತಿದ್ದೆ. ಬೆಳಗ್ಗೆಯಿಂದ ಕೂತಿದ್ದೀನಿ. ಎರಡು ಸಲ ಮಸಿ ಚೆಲ್ಲಿತು. ನಿಮ್ಮ ದೊಡ್ಡಮ್ಮ ಅಡಿಗೆಮನೆ ಬಾಗಿಲಿಂದ ಇಣುಕಿ ನೋಡಿ, "ಏನು, ಅಮಲ್ದಾರರಿಗೆ ಅರ್ಜಿನಾ?" ಅಂತ ನಗ್ತಾಳೆ. ಅವಳಿಗೆ ನಗೋದಕ್ಕೆ ಇಷ್ಟು ಸಾಕು.

ಎರಡು ವರ್ಷ ಒಂದು ಕಾರ್ಡಿಲ್ಲ. ಗೌರಿಬಿದನೂರು ಏನು ರಂಗೂನಾ? ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಾಯಿಸಿದರೆ ಊಟದ ಹೊತ್ತಿಗೆ ಇಲ್ಲಿರ್ತೀಯ. ಎಣ್ಣೆ ಮಿಲ್ಲಿನ ಗುಮಾಸ್ತರಿಗೆ ಯುಗಾದಿಗೂ ರಜ ಇಲ್ವಾ? ದೊಡ್ಡಮ್ಮ ನಿನಗೆ ಅಂತ ಎತ್ತಿಟ್ಟ ಒಬ್ಬಟ್ಟು ಮೂರನೇ ದಿನ ಹಸುವಿಗೆ ಹೋಯಿತು. ಹೋಗಲಿ ಬಿಡು. ಈಗ ದಪ್ಪ ಕವರು ಬಂತು. ಬಿಚ್ಚಿದರೆ ನಿನ್ನ ಹತ್ತು ಸಾಲು, ಜೊತೆಗೆ ಇಂಗ್ಲಿಷಿನಲ್ಲಿ ಅಚ್ಚಾದ ಒಂದು ಹಾಳೆ.

ನನಗೆ ಅರ್ಥವಾಗಿದ್ದು ಇಷ್ಟು. ಕಲ್ಕತ್ತೆಯಲ್ಲಿ ವ್ಯಾಪಾರ ಕಲಿಸೋ ದೊಡ್ಡ ಶಾಲೆ ಹೊಸದಾಗಿ ಶುರುವಾಗಿದೆ. ಅಲ್ಲಿ ಎರಡು ವರ್ಷ ಓದಿದರೆ ಕಂಪನಿಯವರು ಕರೆದು ಕೆಲಸ ಕೊಡ್ತಾರೆ. ನಿನ್ನ ಬಿ.ಕಾಂ. ಥರ್ಡ್ ಕ್ಲಾಸು, ಅದೂ ಎರಡನೇ ಸಲ ಕಟ್ಟಿ ಪಾಸು ಮಾಡಿದ್ದು. ಅಂಥವರು ಯಾರ ಕೈಕೆಳಗೆ ಕೆಲಸ ಮಾಡಿದ್ದರೋ ಅವರಿಂದ ಒಂದು ಕಾಗದ ಹೋಗಬೇಕು. ನಿಮ್ಮ ಮಿಲ್ಲಿನ ಸಾಹುಕಾರ ಬರೆದುಕೊಡಲ್ಲ ಅಂದ. ಅದಕ್ಕೆ ನಾನು ನೆನಪಾದೆ.

ವ್ಯಾಪಾರಕ್ಕೂ ಒಂದು ಶಾಲೆ! ಆ ಕಲ್ಕತ್ತೆ ಮೇಷ್ಟ್ರನ್ನ ನಮ್ಮ ಗೂಡಿನ ಮಂಡಿಗೆ ಕರಕೊಂಡು ಬಾ. ದಲ್ಲಾಳಿ ಟವಲು ಹೊದಿಸಿ, ಅದರ ಕೆಳಗೆ ಅವರ ಕೈ ಹಿಡೀಲಿ. ಒಂದು ಬೆರಳು ಹಿಡಿದರೆ ಒಂದು, ಮೂರು ಹಿಡಿದರೆ ಮೂರು, ಉಗುರಿನ ಮೇಲೆ ಒತ್ತಿದರೆ ಅರ್ಧ. ಬಾಯಿ ಬಿಡೋ ಹಾಗಿಲ್ಲ. ಮಗ್ಗುಲಲ್ಲಿ ನಿಂತವನಿಗೂ ಬೆಲೆ ತಿಳಿಯೋ ಹಾಗಿಲ್ಲ. ತಲೆ ಆಡಿಸಿದರೆ ಮಾಲು ನಿನ್ನದು, ಆಮೇಲೆ ಅತ್ತರೂ ಅಷ್ಟೇ. ಇದನ್ನ ಯಾವ ಪುಸ್ತಕದಲ್ಲಿ ಬರೆದಿದ್ದಾರೋ? ನಿನಗೆ ಹದಿನಾಲ್ಕನೇ ವಯಸ್ಸಿಗೇ ಬಂದಿತ್ತು. ಗೂಡನ್ನ ಕಿವಿ ಹತ್ತಿರ ಅಲ್ಲಾಡಿಸಿ, ಒಳಗಿನ ಹುಳು ಹಸಿಯೋ ಒಣಗಿದೆಯೋ ಹೇಳ್ತಿದ್ದೆ. ನಿಮ್ಮಪ್ಪ ಆವಲಪ್ಪ ತೊಂಡೇಬಾವಿಯಿಂದ ಬಂದಾಗ ಅವನ ಮುಂದೆ ಮಾಡಿ ತೋರಿಸು ಅಂತ ನಾನೇ ಹೇಳ್ತಿದ್ದೆ. ಹೆತ್ತವನು ಅವನು, ಜಂಬ ನನಗೆ.

ಕೇಳಿದ್ದೀಯ ಅಂತ ಬರೆದಿಟ್ಟಿದ್ದೀನಿ. ಇದೇ ಕವರಿನಲ್ಲಿದೆ: "ಚನ್ನಕೇಶವ ನನ್ನ ತಮ್ಮನ ಮಗ. ಹನ್ನೊಂದು ವರ್ಷ ನನ್ನ ಮನೆಯಲ್ಲಿ ಇದ್ದು ಓದಿದ, ಕೆಲಸ ಮಾಡಿದ. ಕಳ್ಳನಲ್ಲ. ಸುಳ್ಳ ಅಲ್ಲ. ಹೇಳಿದ ಕೆಲಸ ಮಾಡುತ್ತಾನೆ. ಕೋನಪ್ಪ, ಆರು ಚರಕದ ಮಾಲೀಕ." ಇದಕ್ಕಿಂತ ಜಾಸ್ತಿ ಬರೆದರೆ ಹೊಗಳಿದ ಹಾಗೆ ಆಗುತ್ತೆ.

ಕಲ್ಕತ್ತೆಗೆ ಎಷ್ಟು ದಿನದ ದಾರಿ ಅಂತ ದೊಡ್ಡಮ್ಮ ಕೇಳ್ತಾಳೆ. ನಾನಲ್ಲ, ಅವಳು.

ಕೋನಪ್ಪ


(ಕಾರ್ಡು)
ಗೌರಿಬಿದನೂರು
21–12–1965

ಪೂಜ್ಯ ದೊಡ್ಡಪ್ಪನವರಿಗೆ ಚನ್ನಕೇಶವನ ನಮಸ್ಕಾರಗಳು.

ಕಾಗದ ತಲುಪಿತು. ನಿಮ್ಮ ಅಕ್ಷರ ನೋಡಿ ಎರಡು ಸಲ ಓದಿದೆ. ಆದರೆ ನಾಲ್ಕು ಸಾಲು ಸಾಲದಂತೆ. ಕಾಗದ ಇಂಗ್ಲಿಷಿನಲ್ಲಿರಬೇಕು. ಅಂಟಿಸಿದ ಕವರಿನಲ್ಲಿ ನೀವೇ ನೇರ ಶಾಲೆಗೆ ಕಳಿಸಬೇಕು, ನಾನು ಅದನ್ನು ನೋಡಬಾರದು. ಆ ಹಾಳೆಯ ಮೂರನೆಯ ಪ್ರಶ್ನೆಗೆ ಉತ್ತರ ಇರಲೇಬೇಕು: ಈ ಹುಡುಗನಿಗೆ ಮಾರ್ಕು ಯಾಕೆ ಕಡಿಮೆ ಬಂತು? ಫೆಬ್ರವರಿ ಕೊನೆಯೊಳಗೆ ತಲುಪಬೇಕು. ನನ್ನ ಅರ್ಜಿಯಲ್ಲಿ "ಕಡೆಯ ವರ್ಷ ಓದಿನಲ್ಲಿ ನಿರ್ಲಕ್ಷ್ಯ ಮಾಡಿದೆ" ಎಂದು ಬರೆದಿದ್ದೇನೆ. ನೀವೂ ಅದನ್ನೇ ಬರೆಸಿ. ಎರಡೂ ಒಂದೇ ಇರಲಿ. ಕಲ್ಕತ್ತೆ ಮದರಾಸಿನ ಮೇಲೆ ಮೂರು ದಿನದ ದಾರಿ ಎಂದು ದೊಡ್ಡಮ್ಮನಿಗೆ ಹೇಳಿ. ಕೈ ಹೇಗಿದೆ?

ಇತಿ ನಿಮ್ಮ
ಚನ್ನಕೇಶವ


ಶಿಡ್ಲಘಟ್ಟ
3–1–1966

ಕೇಶವನಿಗೆ,

ಬುದ್ಧಿ ಎಲ್ಲಿಟ್ಟಿದ್ದೀಯೋ? "ಕೈ ಹೇಗಿದೆ" ಅಂತ ಕಾರ್ಡಿನಲ್ಲಿ ಬರೀತಾರಾ? ಪೋಸ್ಟ್‌ಮ್ಯಾನ್ ಬಾಗಿಲಲ್ಲೇ ನಿಂತು, "ಕೋನಪ್ಪನೋರೇ, ಕೈಗೆ ಏನಾಯ್ತು?" ಅಂದ. ಚೇಳು ಕುಟುಕಿತು ಅಂದೆ. ಸಂಜೆಯೊಳಗೆ ಬೀದಿಯ ನಾಲ್ಕು ಜನ ನಾಲ್ಕು ಥರದ ಸೊಪ್ಪು ಅರೆದು ತಂದರು. ಒಬ್ಬಳು ಮಂತ್ರ ಹಾಕೋನನ್ನೇ ಕರಕೊಂಡು ಬಂದಳು. ಇಲ್ಲದ ಚೇಳಿಗೆ ಕೈ ನೀಡಿಕೊಂಡು ಕೂತಿದ್ದೆ. ಇನ್ನು ಮೇಲೆ ಕವರಿನಲ್ಲಿ ಬರಿ.

ಕೇಳಿದ್ದಕ್ಕೆ ಹೇಳ್ತೀನಿ. ಕೈ ಹಾಗೇ ಇದೆ. ಸತ್ತಿದೆ. ಹತ್ತನೇ ವಯಸ್ಸಿಂದ ಕುದಿಯೋ ನೀರಲ್ಲಿ ಬೆರಳಾಡಿಸಿ ಗೂಡಿನ ಎಳೆ ಎತ್ತಿದ್ದೀನಿ. ಸುಟ್ಟಿದ್ದು ತಿಳೀತಿದ್ದ ಕಾಲ ಒಂದಿತ್ತು. ಈಗ ಬೆಂಕಿ ಮುಟ್ಟಿದರೂ ವಾಸನೆ ಬಂದ ಮೇಲೆ ತಿಳಿಯೋದು. ಮೂರು ವರ್ಷದ ಹಿಂದೆ ಮಂಡಿಯಲ್ಲಿ ದಲ್ಲಾಳಿ ನರಸಿಂಹಪ್ಪ ಟವಲಿನ ಕೆಳಗೆ ಮೂರು ಬೆರಳು ಹಿಡಿದ. ನನಗೆ ಎರಡು ಅನ್ನಿಸಿತು. ತಲೆ ಆಡಿಸಿಬಿಟ್ಟೆ. ಅವನ ಮುಂದೆ ದುಡ್ಡು ಎಣಿಸೋವಾಗ ಎರಡಲ್ಲ, ಮೂರು ಅಂತ ತಿಳಿಯಿತು. ಅವತ್ತು ಗೊತ್ತಾಗಿದ್ದು ಕೈ ಹೋಗಿದೆ ಅಂತ. ಹೊರಗೆ ತಿಳಿದರೆ ಮಂಡಿಯಲ್ಲಿ ಕೋನಪ್ಪನನ್ನ ಯಾರು ಬೇಕಾದರೂ ಬೋಳಿಸಬಹುದು. ನಿನ್ನನ್ನ ಕರೆಸಿ ನನ್ನ ಬದಲು ಕೂರಿಸಿದೆ. ಕಾಲೇಜು ಹುಡುಗ, ವ್ಯವಹಾರ ಕಲೀಲಿ ಅಂತ ಎಲ್ಲರಿಗೂ ಹೇಳಿದೆ. ಇದು ನಿನಗೂ ನನಗೂ ಬಿಟ್ಟರೆ ಮೂರನೆಯವರಿಗೆ ಗೊತ್ತಿಲ್ಲ. ದೊಡ್ಡಮ್ಮನಿಗೂ ಇಲ್ಲ.

ನೀನು ಹೋದ ಮೇಲೆ ನಾನು ಟವಲಿನ ಕೆಳಗೆ ಕೈ ಇಟ್ಟಿಲ್ಲ. ಹಳ್ಳಿ ಹಳ್ಳಿ ತಿರುಗಿ, ಬೆಳೆದವರ ಮನೆ ಜಗಲಿ ಮೇಲೆ ಕೂತು, ಬಾಯಲ್ಲಿ ಬೆಲೆ ಮಾತಾಡಿ ತರ್ತೀನಿ. ಒಳ್ಳೆ ಮಾಲು ಹಾಗೆ ಸಿಗಲ್ಲ. ಆರು ಚರಕ ಅಂತ ಬರೆದಿದ್ದೆನಲ್ಲ, ಅದು ನಿನ್ನ ಶಾಲೆಯವರಿಗೆ. ಈಗ ಇರೋದು ಮೂರು.

ಇಂಗ್ಲಿಷಿನ ಮಾತಿಗೆ ಬರ್ತೀನಿ. ಈ ಊರಲ್ಲಿ ಅಷ್ಟು ಇಂಗ್ಲಿಷ್ ಬರೆಯೋರು ವೆಂಕಟರವಣಪ್ಪ ಮೇಷ್ಟ್ರು ಒಬ್ಬರೇ. ಅವರ ಸ್ವಂತ ತಮ್ಮನೇ ಆ ನರಸಿಂಹಪ್ಪ. ಅದಕ್ಕೆ ಚಿಂತಾಮಣಿಗೆ ಹೋದೆ. ಅಲ್ಲಿ ಕೋರ್ಟಿನ ಹತ್ತಿರ ಒಬ್ಬ ಟೈಪು ಮಾಡ್ತಾನೆ ಅಂದರು. ಹೋಗಿ ಕೂತೆ. ಅವನು ತಲೆ ಎತ್ತಿ ಮೊದಲು ಕೇಳಿದ್ದು, "ನೀವು ಶಿಡ್ಲಘಟ್ಟದ ಕೋನಪ್ಪನೋರಲ್ವಾ? ಗೂಡಿನ ಬೆಲೆ ಹೇಗಿದೆ ಈ ವಾರ?" ಅವರ ಮನೆಯಲ್ಲೂ ಹುಳು ಸಾಕ್ತಾರಂತೆ, ನಮ್ಮ ಮಂಡಿಗೇ ಹಾಕ್ತಾರಂತೆ. ಕಾಫಿ ಕುಡಿಸಿದ. ಕುಡಿದು ಎದ್ದು ಬಂದೆ.

ಅಲ್ಲಿಗೆ ನಿನ್ನ ಮೂರನೇ ಪ್ರಶ್ನೆಗೆ ನಿಜ ಬರೆಸೋ ಹಾಗಿಲ್ಲ. ಬರೆಸು ಅಂತ ನೀನೂ ಕೇಳಿಲ್ಲ. ನಿರ್ಲಕ್ಷ್ಯ ಅಂತಲೇ ಮೇಷ್ಟ್ರ ಹತ್ತಿರ ಬರೆಸಿ ಹಾಕ್ತೀನಿ. ಅದಕ್ಕೆ ಸೀಟು ಕೊಡ್ತಾರಾ? ಓದದೆ ತಿರುಗಿದವನು ಅಂತ ಇಬ್ಬಿಬ್ಬರು ಬರೆದರೆ ನಾನಂತೂ ಕೊಡ್ತಿರಲಿಲ್ಲ. ಸಿಗದಿದ್ದರೆ ಗೌರಿಬಿದನೂರು ಇದ್ದೇ ಇದೆ, ಹತ್ತಿರ.

ಕೋನಪ್ಪ


ಗೌರಿಬಿದನೂರು
17–1–1966

ಪೂಜ್ಯ ದೊಡ್ಡಪ್ಪನವರಿಗೆ ನಮಸ್ಕಾರಗಳು.

ಕವರಿನಲ್ಲಿಯೇ ಬರೆಯುತ್ತಿದ್ದೇನೆ. ಚೇಳಿನ ಸಂಗತಿ ಓದಿ ಆಫೀಸಿನಲ್ಲಿ ಒಬ್ಬನೇ ನಕ್ಕೆ. ಮುಂದಿನ ಮೇಜಿನ ಮುನಿಗಂಗಪ್ಪ ತಲೆ ಎತ್ತಿ ನೋಡಿದರು. ನಾನು ನಕ್ಕದ್ದನ್ನು ಅವರು ನೋಡಿದ್ದು ಅದೇ ಮೊದಲಂತೆ.

ನಿರ್ಲಕ್ಷ್ಯ ಎಂದೇ ಬರೆಸಿ ಕಳಿಸಿ. ನಿಮ್ಮ ಗುಟ್ಟು ನನ್ನಿಂದ ಹೊರಗೆ ಹೋಗುವುದಿಲ್ಲ. ಸೀಟು ಸಿಗದಿದ್ದರೆ ಸಿಗದಿರಲಿ. ಆದರೆ ಯಾಕೆ ಬೇಕು ಎಂದು ನೀವು ಕೇಳಲೇ ಇಲ್ಲ, ಅದಕ್ಕೆ ನಾನೇ ಹೇಳುತ್ತೇನೆ. ಇಲ್ಲಿ ದಿನವೆಲ್ಲ ಬೇರೆ ಯಾರೋ ತೀರ್ಮಾನ ಮಾಡಿದ್ದನ್ನು ಪುಸ್ತಕಕ್ಕೆ ಏರಿಸುತ್ತೇನೆ. ನಿಮ್ಮ ಬದಲು ಟವಲಿನ ಕೆಳಗೆ ಕೈಯಿಟ್ಟು ಕೂತ ಹನ್ನೆರಡು ದಿನ ತೀರ್ಮಾನ ನನ್ನದಾಗಿತ್ತು. ಎದುರಿನವನ ಬೆರಳು ಎಲ್ಲಿ ಸಡಿಲವಾಗುತ್ತದೆ, ಎಲ್ಲಿ ಬಿಗಿಯಾಗುತ್ತದೆ ಎಂದು ಕಾಯುವುದು. ಆ ರುಚಿ ಹೋಗಿಲ್ಲ ದೊಡ್ಡಪ್ಪ. ಯಾವ ದಿನಗಳು ನನ್ನ ಮಾರ್ಕು ಕೆಡಿಸಿದವೋ ಆ ದಿನಗಳಿಂದಲೇ ನನಗೆ ಈ ಶಾಲೆ ಬೇಕೆನಿಸಿತು. ಇದನ್ನು ಅರ್ಜಿಯಲ್ಲಿ ಬರೆಯಲು ಜಾಗವಿಲ್ಲ.

ಇನ್ನೊಂದು. ಎರಡು ವರ್ಷ ಯಾಕೆ ಬರಲಿಲ್ಲ ಎಂದು ಕೇಳಿದ್ದೀರಿ. ರಿಸಲ್ಟು ಬಂದ ದಿನ ಮಂಡಿಯಲ್ಲಿ ಎಲ್ಲರ ಮುಂದೆ, "ಇವನ ತಲೆಗೆ ಓದು ಹತ್ತಲ್ಲ, ದಂಡಕ್ಕೆ ಓದಿಸಿದೆ" ಎಂದಿರಿ. ಗುಟ್ಟು ಮುಚ್ಚಲು ಹಾಗೆ ಅಂದಿರೆಂದು ನನಗೆ ಅಲ್ಲೇ ಗೊತ್ತಾಯಿತು. ಮರುದಿನ ಬಸ್ಸಿನ ಹತ್ತಿರ ನೀವು ಆ ಕಡೆ ಮುಖ ಮಾಡಿಕೊಂಡು ಬೇರೆ ಬಸ್ಸಿನ ಕಂಡಕ್ಟರನ ಜೊತೆ ಮಾತಾಡುತ್ತಾ ನಿಂತಿದ್ದಿರಿ. ನಾನು ಹಿಂದಿನಿಂದ ಬಂದು ನಿಮ್ಮ ಬೆರಳು ಹಿಡಿದೆ. ಸಣ್ಣವನಿದ್ದಾಗ ಹಿಡಿಯುತ್ತಿದ್ದ ಹಾಗೆ. ನೀವು ತಿರುಗಲಿಲ್ಲ. ಬಿಟ್ಟು ಬಸ್ಸು ಹತ್ತಿದೆ. ಚಿಕ್ಕಬಳ್ಳಾಪುರ ದಾಟಿದ ಮೇಲೆ ಹೊಳೆಯಿತು, ನಿಮಗೆ ತಿಳಿದಿರಲಿಕ್ಕಿಲ್ಲ ಎಂದು. ಆದರೂ ಇಳಿದು ವಾಪಸು ಬರಲಿಲ್ಲ. ಈವರೆಗೆ ಬರಲಿಲ್ಲ.

ಇದನ್ನು ಓದಿ ಹರಿದುಹಾಕಿ.

ಇತಿ ನಿಮ್ಮ
ಚನ್ನಕೇಶವ


ಶಿಡ್ಲಘಟ್ಟ
14–2–1966

ಕಲ್ಕತ್ತೆ ಶಾಲೆಯ ದೊಡ್ಡವರಿಗೆ,

ಶಿಡ್ಲಘಟ್ಟದ ಕೋನಪ್ಪ ಕನ್ನಡದಲ್ಲಿ ಹೇಳಿದ್ದು. ಇಂಗ್ಲಿಷಿಗೆ ತಿರುಗಿಸಿದವರು ವೆಂಕಟರವಣಪ್ಪ ಮೇಷ್ಟ್ರು. ನಾನು ಅಂದದ್ದನ್ನ ನಯ ಮಾಡಬೇಡಿ ಅಂತ ಅವರಿಗೆ ಹೇಳಿದ್ದೀನಿ.

ನಾನು ಮೂರು ಚರಕ ಇಟ್ಟುಕೊಂಡು ರೇಷ್ಮೆ ನೂಲು ತೆಗೆಯೋನು. ಚನ್ನಕೇಶವ ನನ್ನ ತಮ್ಮನ ಮಗ. ಏಳನೇ ವಯಸ್ಸಿಂದ ನನ್ನ ಮನೆಯಲ್ಲಿ ಬೆಳೆದವನು.

ನಿಮ್ಮ ಮೂರನೇ ಪ್ರಶ್ನೆ, ಮಾರ್ಕು ಯಾಕೆ ಕಡಿಮೆ ಅಂತ. ಅವನು ನಿರ್ಲಕ್ಷ್ಯ ಅಂತ ಬರೆದಿದ್ದಾನೆ. ಅದು ಸುಳ್ಳು. ನನಗೆ ತಿಳಿದ ಮಟ್ಟಿಗೆ ಅವನು ಹೇಳಿರೋ ಸುಳ್ಳು ಅದೊಂದೇ, ಅದೂ ನನ್ನ ಮಾನ ಕಾಯೋದಕ್ಕೆ. ಅದಕ್ಕೆ ಮಾರ್ಕು ಕಳೀಬೇಡಿ.

ನಮ್ಮ ಮಂಡಿಯಲ್ಲಿ ಬೆಲೆಯನ್ನ ಬಾಯಲ್ಲಿ ಹೇಳಲ್ಲ. ಟವಲಿನ ಕೆಳಗೆ ಬೆರಳು ಹಿಡಿದು ಹೇಳ್ತೀವಿ. ಬಿಸಿನೀರಲ್ಲಿ ಬೆಂದು ಬೆಂದು ನನ್ನ ಬೆರಳಿಗೆ ಸ್ಪರ್ಶ ಹೋಯಿತು. ಅದು ಯಾರಿಗೂ ತಿಳೀಬಾರದು ಅಂತ, 1963ನೇ ಇಸವಿ ಬಿ.ಕಾಂ. ಕಡೆ ಪರೀಕ್ಷೆ ನಡೀತಾ ಇದ್ದಾಗ, ಬೆಂಗಳೂರಲ್ಲಿದ್ದ ಈ ಹುಡುಗನಿಗೆ "ದೊಡ್ಡಮ್ಮನಿಗೆ ಪ್ರಾಣಾಪಾಯ, ಕೂಡಲೇ ಬಾ" ಅಂತ ಟೆಲಿಗ್ರಾಂ ಕೊಟ್ಟೆ. ಓಡಿ ಬಂದ. ಅವನ ದೊಡ್ಡಮ್ಮ ಹಿತ್ತಲಲ್ಲಿ ಕೂತು ಅವರೆಕಾಯಿ ಸುಲೀತಾ ಇದ್ದಳು. ಅವನು ಅವಳನ್ನ ನೋಡಿದ, ನನ್ನನ್ನ ನೋಡಿದ. ಒಂದು ಮಾತು ಕೇಳಲಿಲ್ಲ. ಅವಳಿಗೂ ಹೇಳಲಿಲ್ಲ. ಹನ್ನೆರಡು ದಿನ ನನ್ನ ಬದಲು ಮಂಡಿಯಲ್ಲಿ ಕೂತ, ಒಂದು ದಿನವೂ ಮೋಸ ಹೋಗಲಿಲ್ಲ. ಅಷ್ಟರಲ್ಲಿ ಎರಡು ಪೇಪರು ಹೋಗಿದ್ದವು. ಸೆಪ್ಟೆಂಬರಿನಲ್ಲಿ ಕಟ್ಟಿ ಪಾಸು ಮಾಡಿದ. ಹಾಗೆ ಪಾಸಾದವರಿಗೆ ಮೇಲಿನ ಕ್ಲಾಸು ಕೊಡಲ್ಲವಂತೆ. ಆಮೇಲೆ ಊರ ಮುಂದೆ ಅವನನ್ನ ದಡ್ಡ ಅಂದವನೂ ನಾನೇ.

ಆ ಥರ್ಡ್ ಕ್ಲಾಸು ನನ್ನದು. ಬೇಕಾದರೆ ನನ್ನ ಹೆಸರಿನ ಮುಂದೆ ಬರೆದುಕೊಳ್ಳಿ. ಅವನನ್ನ ಬೇರೆ ಥರ ಪರೀಕ್ಷೆ ಮಾಡಿ ನೋಡಿ.

ಅವನು ಅಷ್ಟು ದೂರ ಬರೋದು ನನಗೆ ಇಷ್ಟವಿಲ್ಲ. ಅದನ್ನ ನೀವು ಕೇಳಿಲ್ಲ.

ಕೋನಪ್ಪ


ಶಿಡ್ಲಘಟ್ಟ
ಅದೇ ದಿನ

ಕೇಶವನಿಗೆ,

ಕಾಗದ ಬರೆಸಿ, ಅಂಟಿಸಿ, ನಾನೇ ಪೋಸ್ಟಾಫೀಸಿಗೆ ಹೋಗಿ ರಿಜಿಸ್ಟರು ಮಾಡಿಸಿದೆ. ಏನು ಬರೆಸಿದೆ ಅಂತ ಕೇಳಬೇಡ. ನಿನಗೆ ಹೇಳಬಾರದು ಅಂತ ಅವರೇ ಅಚ್ಚು ಹಾಕಿದ್ದಾರೆ.

ಮೇಷ್ಟ್ರು ಬರೀತಾ ಬರೀತಾ ಒಂದು ಕಡೆ ನಿಲ್ಲಿಸಿ ಕನ್ನಡಕ ತೆಗೆದರು. "ಕೋನಪ್ಪ, ಇದನ್ನ ಹೀಗೇ ಬರೀಲಾ?" ಅಂದರು. "ಹೀಗೇ ಬರೀರಿ, ಹೇಳಿದ್ದೀನಲ್ಲ" ಅಂದೆ. ಸ್ವಲ್ಪ ಜೋರಾಗಿಯೇ ಅಂದೆ. ಯಾರಿಗೂ ಹೇಳಲ್ಲ ಅಂತ ದೇವರ ಗೂಡಿನ ಮುಂದೆ ನಿಂತು ಮಾತು ಕೊಟ್ಟರು. ಈಚೆಗೆ ಬಂದರೆ ಜಗಲಿ ಮೇಲೆ ನರಸಿಂಹಪ್ಪ ಎಲೆಗೆ ಸುಣ್ಣ ಸವರುತ್ತಾ ಕೂತಿದ್ದ. "ಏಮಿ ಕೋನಪ್ಪಾ, ಇಂಗ್ಲಿಷ್ ಕಲೀತಿದ್ದೀಯಾ?" ಅಂದ. ಅವನ ಕಿವಿಗೆ ಎಷ್ಟು ಬಿತ್ತೋ ಗೊತ್ತಿಲ್ಲ.

ಬಸ್ಸಿನ ಹತ್ತಿರದ್ದು ಬರೆದಿದ್ದೀಯಲ್ಲ. ನನಗೆ ತಿಳೀಲಿಲ್ಲ ಕಣೋ. ತಿರುಗಿ ನೋಡೋ ಹೊತ್ತಿಗೆ ಬಸ್ಸು ಹೊರಟಿತ್ತು. ಹೇಳದೆ ಹೋದ ಅಂತ ಮನೆಗೆ ಬಂದು ನಿನ್ನನ್ನ ಬೈದೆ.

ಆ ಕಾಗದ ಹರಿದಿಲ್ಲ.

ಕೋನಪ್ಪ


ಗೌರಿಬಿದನೂರು
23–4–1966

ದೊಡ್ಡಪ್ಪನವರಿಗೆ,

ಬೆಂಗಳೂರಿನಲ್ಲಿ ಬರವಣಿಗೆಯ ಪರೀಕ್ಷೆ ಆಯಿತು, ಮೊನ್ನೆ ಸಂದರ್ಶನವೂ ಆಯಿತು. ಮೂವರು ಕೂತಿದ್ದರು. ಮಧ್ಯದಲ್ಲಿದ್ದ ವಯಸ್ಸಾದವರ ಕೈಯಲ್ಲಿ ಮೇಷ್ಟ್ರ ಅಕ್ಷರದ ಹಾಳೆಗಳಿದ್ದವು. "ನಿನ್ನ ಥರ್ಡ್ ಕ್ಲಾಸು ನಿನ್ನದಲ್ಲ ಎಂದು ಒಬ್ಬರು ಬರೆದಿದ್ದಾರೆ. ಗೊತ್ತೇ?" ಎಂದರು. ನನಗೆ ಗೊತ್ತಿರಲಿಲ್ಲ. ಅವರು ಓದಿದರು. ಟೆಲಿಗ್ರಾಂ, ಅವರೆಕಾಯಿ, ಎಲ್ಲ. ಕೊನೆಯ ಸಾಲೂ ಓದಿದರು. ನಾನು ಮೇಜಿನ ಕಾಲು ನೋಡುತ್ತಾ ಕೂತಿದ್ದೆ.

"ಹೇಗೆ ಹಿಡಿಯುತ್ತೀರಿ, ತೋರಿಸು" ಎಂದರು. ಕರವಸ್ತ್ರ ತೆಗೆದು ಅವರ ಕೈ ಮೇಲೆ ಹಾಕಿ ಎರಡೂವರೆ ಹೇಳಿದೆ. ಅವರಿಗೆ ಬಹಳ ಸಂತೋಷವಾಯಿತು. ಉಳಿದಿಬ್ಬರ ಕೈಯನ್ನೂ ಹಿಡಿಯಬೇಕಾಯಿತು. ಆಮೇಲೆ ಅವರು ಕರವಸ್ತ್ರ ಮಡಿಸಿ ಕೊಡುತ್ತಾ ಒಂದು ಪ್ರಶ್ನೆ ಕೇಳಿದರು. "ಬೆರಳು ಸತ್ತಿದೆಯೆಂದು ನಿಮ್ಮ ದೊಡ್ಡಪ್ಪನಿಗೆ ಗೊತ್ತಾಯಿತು, ಸರಿ. ಆ ಬೆರಳನ್ನು ಹಿಡಿದಿದ್ದವನಿಗೆ ಗೊತ್ತಾಗಲಿಲ್ಲವೇ?"

"ಗೊತ್ತಿಲ್ಲ ಸಾರ್, ಕೇಳಿ ತಿಳಿಸುತ್ತೇನೆ" ಎಂದೆ. ಮೂವರೂ ನಕ್ಕರು. ನನಗೆ ನಗು ಬರಲಿಲ್ಲ. ಅಷ್ಟು ದಿನ ಅಲ್ಲಿ ಕೂತವನು ನಾನು. ಎದುರಿನ ಕೈ ಬೆವೆತರೂ ನಡುಗಿದರೂ ನನಗೆ ತಿಳಿಯುತ್ತಿತ್ತು. ಈ ಪ್ರಶ್ನೆ ನನಗೂ ಬರಲಿಲ್ಲ, ನಿಮಗೂ ಬರಲಿಲ್ಲ.

ದೊಡ್ಡಪ್ಪ, ನರಸಿಂಹಪ್ಪನವರಿಗೆ ಗೊತ್ತಿತ್ತೇ?

ಅಲ್ಲಿಂದ ಶಿಡ್ಲಘಟ್ಟದ ರೈಲು ಹತ್ತೋಣವೆಂದು ಸ್ಟೇಷನ್ನಿಗೆ ಹೋದೆ. ಟಿಕೆಟಿನ ಕಿಟಕಿಯ ತನಕ ಹೋದೆ. ಥರ್ಡ್ ಕ್ಲಾಸು ನನ್ನದು ಎಂದು ಬರೆಸಿದವರ ಮುಂದೆ ನಿಂತು ಏನು ಮಾತಾಡಬೇಕೋ ತಿಳಿಯದೆ ತಿರುಗಿದೆ.

ಚನ್ನಕೇಶವ


ಶಿಡ್ಲಘಟ್ಟ
29–5–1966

ಕೇಶವನಿಗೆ,

ನಿನ್ನ ಕಾಗದ ಬಂದು ತಿಂಗಳಾಯಿತು. ಉತ್ತರ ಬರೆಯೋದಕ್ಕೆ ಮನಸ್ಸು ಬರಲಿಲ್ಲ. ಆ ಕಲ್ಕತ್ತೆ ಮುದುಕರು ಕೇಳಿದ ಪ್ರಶ್ನೆ ಕಾಲಿಗೆ ಮುಳ್ಳು ಚುಚ್ಚಿದ ಹಾಗೆ ಇತ್ತು. ನಡೆದರೆ ನೋವು, ತೆಗೆಯೋದಕ್ಕೂ ಭಯ. ಹೋದ ಶನಿವಾರ ಮಂಡಿಗೆ ಹೋದೆ. ಮಾಲು ಇನ್ನೂ ಇಳಿದಿರಲಿಲ್ಲ. ನರಸಿಂಹಪ್ಪನ ಮುಂದೆ ಕೂತು ಕೈ ಚಾಚಿ, ನನ್ನ ಟವಲು ನಾನೇ ಹೊದಿಸಿ, "ಹಿಡಿ" ಅಂದೆ.

ಹಿಡಿದ. "ಏನು ಹಿಡಿದಿದ್ದೀನಿ ಹೇಳು" ಅಂದ.

"ನೀನೇ ಹೇಳು."

"ಬೇಡ ಬಿಡು ಕೋನಪ್ಪ. ನಿನಗೆ ತಿಳಿಯಲ್ಲ ಅಂತ ನನಗೆ ಗೊತ್ತು."

"ಯಾವತ್ತಿಂದ ಗೊತ್ತು?"

"ಮೂರನ್ನ ಎರಡು ಅಂತ ಒಪ್ಪಿಕೊಂಡೆಯಲ್ಲ, ಅವತ್ತಿಂದ. ಒಣಗಿದ ಬೇರು ಹಿಡಿದ ಹಾಗಿತ್ತಯ್ಯಾ. ಹಿಡಿದವನಿಗೆ ತಿಳಿಯಲ್ವಾ?"

"ತಿಳಿದೂ ನನಗೆ ಆ ಮಾಲು ಹಾಕಿದೆಯಾ?"

"ತಲೆ ಆಡಿಸಿದ ಮೇಲೆ ತಿಳಿದಿದ್ದು. ಮಾರನೇ ದಿನ ಹೇಳೋಣ ಅಂತ ನಿನ್ನ ಮನೆಗೆ ಬಂದೆ. ನೀನು ಮಾತಾಡಿಸೋದಿರಲಿ, ಬೀದಿನಾಯಿ ಓಡಿಸಿದ ಹಾಗೆ ಓಡಿಸಿದೆ. ಆಮೇಲೆ ಹುಡುಗ ಬಂದು ಕೂತ. ಸದ್ಯ, ದಾರಿ ಕಂಡುಕೊಂಡ ಅಂತ ಸುಮ್ಮನಾದೆವು. ಮಂಡಿಗೆಲ್ಲ ಗೊತ್ತು."

ಮಂಡಿಗೆಲ್ಲ ಗೊತ್ತಿತ್ತು ಕಣೋ. ನನ್ನ ಮುಂದೆ ಎಲ್ಲರೂ ಗೊತ್ತಿಲ್ಲದ ಹಾಗೆ ಇದ್ದರು. ನಾನು ಅವರ ಮುಂದೆ ಏನೂ ಆಗಿಲ್ಲದ ಹಾಗೆ ಇದ್ದೆ.

ಇಷ್ಟಕ್ಕೇ ಮುಗಿದಿದ್ದರೆ ತಡಕೋತಿದ್ದೆ. ನರಸಿಂಹಪ್ಪ ಟವಲಿನ ಕೆಳಗೆ ಕೈ ಮೇಲಕ್ಕೆ ತಂದು ನನ್ನ ಮಣಿಕಟ್ಟು ಹಿಡಿದ. ಒಳಮಗ್ಗುಲು, ನಾಡಿ ಆಡೋ ಕಡೆ. ಹೆಬ್ಬೆರಳಲ್ಲಿ ಒತ್ತಿದ. ಒಂದು. ಬಿಟ್ಟು ಇನ್ನೊಂದು. ಬಿಟ್ಟು ಇನ್ನೊಂದು. ಆಮೇಲೆ ಉಗುರಿನಿಂದ ಮೆಲ್ಲಗೆ ಗೀರಿದ.

"ಎಷ್ಟು?" ಅಂದ.

"ಮೂರೂವರೆ" ಅಂದೆ.

"ಚರಕದವರಲ್ಲಿ ಅರ್ಧ ಜನರ ಬೆರಳು ನಿನ್ನ ಹಾಗೇ ಇದೆ ಕೋನಪ್ಪ. ಅಂಥವರಿಗೆಲ್ಲ ನಾವು ಇಲ್ಲೇ ಹೇಳೋದು. ನಮ್ಮಪ್ಪನ ಕಾಲದಿಂದ ಹೀಗೇ. ನೀನು ಒಂದು ಸಲ ಬಾಯಿ ಬಿಟ್ಟು ಕೇಳಿದ್ದರೆ ನಿನಗೂ ಇಲ್ಲೇ ಹೇಳ್ತಿದ್ದೆವು."

ಬಾಯಿ ಬಿಟ್ಟು ಕೇಳಬೇಕಾಗಿತ್ತಂತೆ. ಅಷ್ಟೇ. ಅದಕ್ಕೆ ನಿನ್ನ ಎರಡು ಪೇಪರು, ಎರಡೂವರೆ ವರ್ಷ, ದೊಡ್ಡಮ್ಮನ ಒಬ್ಬಟ್ಟು. ಆ ಶಾಲೆಯವರಿಗೆ ತಿಳಿಸ್ತೀನಿ ಅಂದಿದ್ದೀಯಲ್ಲ, ತಿಳಿಸು. ಹಿಡಿದವನಿಗೆ ಗೊತ್ತಿತ್ತು. ಗೊತ್ತಿಲ್ಲದಿದ್ದವನು ಕೋನಪ್ಪ ಒಬ್ಬನೇ.

ಮನೆಗೆ ಬಂದು ದೊಡ್ಡಮ್ಮನಿಗೆ ಎಲ್ಲ ಹೇಳಿದೆ. ಕೈ ವಿಷಯ ಅವಳಿಗೂ ಗೊತ್ತಿತ್ತಂತೆ! "ಒಲೆ ಮೇಲಿನ ಪಾತ್ರೆ ಬರಿಗೈಲಿ ಇಳಿಸ್ತೀಯ, ಕಣ್ಣಿಲ್ವಾ ನನಗೆ?" ಅಂದಳು. ಟೆಲಿಗ್ರಾಂ ಮಾತ್ರ ಗೊತ್ತಿರಲಿಲ್ಲ. ಮೂರು ದಿನ ನನಗೆ ಮುದ್ದೆ ಬಡಿಸಿ ಮುಖ ತಿರುಗಿಸಿಕೊಂಡು ಹೋದಳು. ನಾಲ್ಕನೇ ದಿನ ಅಂದಳು, "ನಾನು ಸಾಯ್ತೀನಿ ಅಂದರೆ ಓಡಿ ಬಂದನಲ್ಲ, ಬದುಕಿದ್ದೀನಿ ಅಂತ ಒಂದು ಟೆಲಿಗ್ರಾಂ ಕೊಡು. ಬರ್ತಾನೋ ನೋಡೋಣ."

ಟೆಲಿಗ್ರಾಂ ಕೊಡಲ್ಲ. ನನ್ನ ಟೆಲಿಗ್ರಾಂ ಇನ್ನು ನೀನು ನಂಬಬೇಕಾಗಿಲ್ಲ. ಅದಕ್ಕೇ ಈ ಕಾಗದ.

ನಿನಗೆ ಸೀಟು ಸಿಕ್ಕಿದೆ. ತೊಂಡೇಬಾವಿಯಿಂದ ಆವಲಪ್ಪ ಬಂದಿದ್ದ, ಅವನು ಹೇಳಿದ. ಶಾಲೆಯ ಕಾಗದ ಬಂದು ಹತ್ತು ದಿನ ಆಯಿತಂತೆ. ಜೂನ್ ಇಪ್ಪತ್ತಕ್ಕೆ ಬೆಂಗಳೂರಿಂದ ರೈಲಂತೆ. ಮಿಲ್ಲಿನ ಕೆಲಸ ಬಿಟ್ಟಾಯಿತಂತೆ. ನೀನು ನನಗೆ ಬರೀಲಿಲ್ಲ. ನಾನೂ ತಿಂಗಳು ಬರೀಲಿಲ್ಲ, ಸರಿ ಹೋಯಿತು. ಆವಲಪ್ಪ ಹೇಳ್ತಾ ಅತ್ತ. ನಾನು ಅವನನ್ನ ಬೈದು ಕಳಿಸಿದೆ. ಅವನು ಹೋದ ಮೇಲೆ ಚರಕದ ಕೊಟ್ಟಿಗೆಗೆ ಹೋಗಿ ಕೂತೆ. ನೀನು ಸಣ್ಣವನಿದ್ದಾಗ ಹತ್ತಿ ನಿಲ್ತಿದ್ದ ಮಣೆ ಅಲ್ಲೇ ಇದೆ. ಯಾರಿಗೂ ಮುಟ್ಟಗೊಡಲ್ಲ.

ಹೋಗು. ಬೇಡ ಅನ್ನಲ್ಲ. ಅಲ್ಲಿ ಎಲ್ಲರೂ ಫಸ್ಟ್ ಕ್ಲಾಸಿನವರೇ ಇರ್ತಾರೆ. ಯಾವನಾದರೂ ನಿನ್ನ ಮಾರ್ಕು ಕೇಳಿದರೆ, ಅದು ನಮ್ಮ ದೊಡ್ಡಪ್ಪನದು ಅನ್ನು. ಗೊತ್ತಿಲ್ಲದ್ದನ್ನ ಬಾಯಿ ಬಿಟ್ಟು ಕೇಳು. ನನ್ನ ಹಾಗೆ ಮುಚ್ಚಿಡಬೇಡ.

ಆದರೆ ಹೋಗೋ ಮೊದಲು ಶಿಡ್ಲಘಟ್ಟಕ್ಕೆ ಬಾ. ಒಂದು ದಿನ ಸಾಕು. ಏನು ಮಾತಾಡಬೇಕೋ ತಿಳಿಯಲಿಲ್ಲ ಅಂತ ಬರೆದಿದ್ದೀಯ. ಏನೂ ಮಾತಾಡಬೇಡ, ನನಗೂ ಬರಲ್ಲ. ನಾನು ಬಸ್ಸಿನ ಹತ್ತಿರ ಆ ಕಡೆ ಮುಖ ಮಾಡಿಕೊಂಡೇ ನಿಂತಿರ್ತೀನಿ. ಹಿಂದಿನಿಂದ ಬಂದು ಹಿಡಿ. ಬೆರಳು ಬೇಡ, ಮಣಿಕಟ್ಟು ಹಿಡಿ. ಈ ಸಲ ತಿಳಿಯುತ್ತೆ.

ಯಾವ ದಿನ, ಯಾವ ಬಸ್ಸು ಅಂತ ಬರಿ. ಕಾರ್ಡಿನಲ್ಲೇ ಬರಿ. ಪೋಸ್ಟ್‌ಮ್ಯಾನ್ ಓದಿಕೊಂಡರೆ ಓದಿಕೊಳ್ಳಲಿ. ಜೂನ್ ಹತ್ತನೇ ತಾರೀಖಿನೊಳಗೆ ನಿನ್ನ ಉತ್ತರ ನನ್ನ ಕೈಲಿರಬೇಕು.

ಕೋನಪ್ಪ